ನಾಲ್ಕು ವರ್ಷದ ಮಗು ಅಲ್ಲಿ ಹೋಗಿ ಕಲಿಯುವುದಾದರೂ ಏನು?

ನಮಸ್ಕಾರ.

ನಿಮ್ಮ ಪತ್ರ ಬಂದು ಎರಡು ವಾರ ಆಯಿತು. ಕೆಲಸ ಜಾಸ್ತಿ ಇತ್ತು, ಅದಕ್ಕೇ ಉತ್ತರ ತಡವಾಯಿತು ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಮೊದಲ ಸಲ ಓದಿದಾಗ ಸಿಟ್ಟು ಬಂತು. ಎರಡನೇ ಸಲ ನಾಚಿಕೆ ಆಯಿತು. ಮೂರನೇ ಸಲ ಓದಿ ಈಗ ಬರೆಯೋಕೆ ಕೂತಿದ್ದೇನೆ.

ಉಳಿದ ಓದುಗರಿಗಾಗಿ ಪತ್ರದ ಸಾರ ಹೇಳಿಬಿಡುತ್ತೇನೆ. ಹಿಂದಿನ ಸಂಚಿಕೆಯಲ್ಲಿ ನಾನು, ಕಡಿಮೆ ಆದಾಯದ ಮನೆಯ ಮಕ್ಕಳು ಶಾಲೆ ಸೇರುವ ಹೊತ್ತಿಗೇ ಹಿಂದೆ ಬಿದ್ದಿರುತ್ತಾರೆ, ಅವರಿಗೆ ಶಿಶುವಿಹಾರ ಬೇಕೇ ಬೇಕು ಅಂತ ಬರೆದಿದ್ದೆ. ನೀವು ಬೆಳಗಿನ ಜಾವ ಎದ್ದು ಕಚೇರಿಗಳ ನೆಲ ಒರೆಸುವ ಕೆಲಸಕ್ಕೆ ಹೋಗುವವರು. ನಾಲ್ಕು ವರ್ಷದ ಮಗ ಇದ್ದಾನೆ, ನೀವು ವಾಪಸ್ ಬರುವ ತನಕ ಅವನನ್ನು ಹನ್ನೊಂದು ವರ್ಷದ ಅಕ್ಕ ನೋಡಿಕೊಳ್ಳುತ್ತಾಳೆ. ನೀವು ಕೇಳಿದ್ದು ಇಷ್ಟು: "ಬಡವರು ಅಂದರೆ ಮಕ್ಕಳನ್ನು ಬೆಳೆಸೋಕೆ ಬರದವರು ಅಂತಾನಾ ನಿಮ್ಮ ಲೆಕ್ಕ? ಅಲ್ಲಿ ಹೋಗಿ ನನ್ನ ಮಗ ಕಲಿಯುವುದಾದರೂ ಏನು, ಸುಮ್ನೆ ಆಟ ತಾನೇ? ಅಲ್ಲಿ ಕಲಿತದ್ದೆಲ್ಲ ಎರಡು ಮೂರು ವರ್ಷದಲ್ಲಿ ಅಳಿಸಿಹೋಗುತ್ತೆ ಅಂತ ಸಂಶೋಧಕರೇ ಹೇಳ್ತಾರಂತೆ, ಮತ್ತೆ ಯಾಕೆ ಈ ಗಲಾಟೆ?"

ಮೊದಲ ಪ್ರಶ್ನೆಗೆ ನನ್ನ ಬಳಿ ವಾದ ಇಲ್ಲ. ತಪ್ಪು ನನ್ನದು. "ಹಿಂದೆ ಬಿದ್ದಿರುತ್ತಾರೆ" ಅಂತ ಬರೆಯುವಾಗ ನನ್ನ ತಲೆಯಲ್ಲಿದ್ದದ್ದು ಒಂದು ಹಳೇ ಅಧ್ಯಯನ. ಅಮೆರಿಕದ ಕಾನ್ಸಾಸ್‌ನಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲೆ ಎಂಬಿಬ್ಬರು 42 ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ, ಒಂದೊಂದು ಗಂಟೆ ಕೂತು, ಮಗುವಿನ ಜೊತೆ ಆಡುವ ಮಾತನ್ನೆಲ್ಲ ಬರೆದಿಟ್ಟುಕೊಂಡರು. ಬಡವರ ಮನೆಯ ಮಗು ಶಾಲೆಗೆ ಬರುವ ಮೊದಲೇ ಉಳ್ಳವರ ಮನೆಯ ಮಗುವಿಗಿಂತ 3 ಕೋಟಿ ಪದ ಕಡಿಮೆ ಕೇಳಿರುತ್ತದೆ ಅಂತ 1995ರಲ್ಲಿ ಅವರ ಲೆಕ್ಕ ಹೊರಬಂತು. ಆ ಸಂಖ್ಯೆ ಜಗತ್ತೆಲ್ಲ ಸುತ್ತಿತು, ನನ್ನಂಥ ಸಂಪಾದಕರ ಬಾಯಲ್ಲೂ ಕೂತುಬಿಟ್ಟಿತು. ಆದರೆ ಆ 42ರಲ್ಲಿ ಸರ್ಕಾರದ ನೆರವಿನ ಮೇಲೆ ಬದುಕುತ್ತಿದ್ದ ಮನೆಗಳು ಬರೀ 6. 3 ಕೋಟಿಯನ್ನು ಯಾರೂ ಒಂದೊಂದಾಗಿ ಎಣಿಸಿರಲಿಲ್ಲ, ಆ ಒಂದೊಂದು ಗಂಟೆಯ ಲೆಕ್ಕವನ್ನೇ ವರ್ಷಗಳಿಗೆ ಗುಣಿಸಿದ್ದರು. 2018ರಲ್ಲಿ ಬೇರೆ ಸಂಶೋಧಕರು ಅಕ್ಕ ಅಣ್ಣಂದಿರ, ಅಜ್ಜಿಯರ, ಮನೆಗೆ ಬಂದುಹೋಗುವವರ ಮಾತನ್ನೂ ಸೇರಿಸಿ ನೋಡಿದರೆ ಅಷ್ಟು ದೊಡ್ಡ ಅಂತರ ಕಾಣಿಸಲೇ ಇಲ್ಲ.

ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಹಿಡಿಸಿತು. 4ರಿಂದ 6 ವರ್ಷದ 36 ಮಕ್ಕಳ ಮನೆಯ ಮಾತುಕತೆ ರೆಕಾರ್ಡ್ ಮಾಡಿ, ಆ ಮಕ್ಕಳು ಕಥೆ ಕೇಳುವಾಗ ಮಿದುಳು ಹೇಗೆ ಕೆಲಸ ಮಾಡುತ್ತೆ ಅಂತ ಸ್ಕ್ಯಾನ್ ಮಾಡಿ ನೋಡಿದರು. ಮಗುವಿನ ಕಿವಿಗೆ ಒಟ್ಟು ಎಷ್ಟು ಮಾತು ಬಿತ್ತು ಅನ್ನುವುದಕ್ಕಿಂತ, ಮಗು ಏನೋ ಅಂದಿತು, ದೊಡ್ಡವರು ಅದಕ್ಕೆ ತಿರುಗಿ ಏನೋ ಅಂದರು, ಮಗು ಮತ್ತೆ ಕೇಳಿತು, ಈ ಕೊಟ್ಟು ತಗೊಳ್ಳುವ ಮಾತು ಎಷ್ಟು ಸಲ ನಡೆಯಿತು ಅನ್ನುವುದಕ್ಕೇ ಮಿದುಳಿನ ಭಾಷೆಯ ಭಾಗ ಹೆಚ್ಚು ಸ್ಪಂದಿಸಿತ್ತು. ಮನೆಯ ಆದಾಯ ಎಷ್ಟೇ ಇರಲಿ, ಫಲಿತಾಂಶ ಹಾಗೇ ಇತ್ತು.

ನಿಮ್ಮ ಮನೆಯಲ್ಲಿ ಪ್ರೀತಿಗೆ ಬರ ಅಂತ ಯಾರಾದರೂ ಹೇಳಿದರೆ ಅವರಿಗೆ ಬುದ್ಧಿ ಇಲ್ಲ. ಬರ ಇರುವುದು ಬಿಡುವಿಗೆ. ನೀವೇ ಬರೆದಿದ್ದೀರಿ, ಮನೆಗೆ ಬರುವಾಗ ಸೊಂಟ ಬಿದ್ದುಹೋಗಿರುತ್ತೆ, ಮಗ ಬಂದು ಏನೋ ಕೇಳ್ತಾನೆ, "ಹೂಂ" ಅಂದುಬಿಡ್ತೀನಿ ಅಂತ. ಆ "ಹೂಂ" ಎಲ್ಲ ಮನೆಯಲ್ಲೂ ಇದೆ, ನಮ್ಮ ಮನೆಯಲ್ಲೂ ಇತ್ತು. ದುಡ್ಡಿರುವವರು ಆ ಹೊತ್ತಿಗೆ ಬೇರೆ ಯಾರನ್ನಾದರೂ ಇಟ್ಟುಕೊಳ್ಳುತ್ತಾರೆ, ಇಲ್ಲದವರಿಗೆ ಅದಾಗುವುದಿಲ್ಲ, ವ್ಯತ್ಯಾಸ ಅಷ್ಟೇ. ಒಳ್ಳೇ ಶಿಶುವಿಹಾರ ಅಂದರೆ ನನ್ನ ಮಟ್ಟಿಗೆ ಇದು: ಸುಸ್ತಾಗಿರದ ಒಬ್ಬ ದೊಡ್ಡ ಮನುಷ್ಯ, ಬೇರೆ ಕೆಲಸ ಇಲ್ಲದೆ, ನಿಮ್ಮ ಮಗುವಿನ ಮಾತಿಗೆ ತಿರುಗಿ ಮಾತಾಡೋಕೆ ಕೂತಿರುವ ಜಾಗ.

ಇದು ಹೊಸದಾಗಿ ಹುಟ್ಟಿದ ಯೋಚನೆಯೂ ಅಲ್ಲ. 1816ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನಲ್ಲಿ ರಾಬರ್ಟ್ ಓವನ್ ಪುಟ್ಟ ಮಕ್ಕಳಿಗೆ ಶಾಲೆ ತೆಗೆದದ್ದು ತನ್ನ ಹತ್ತಿ ಗಿರಣಿಯ ಕೂಲಿಗಳ ಮಕ್ಕಳಿಗಾಗಿ. 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅಪ್ಪ ಅಮ್ಮ ದುಡಿಯೋಕೆ ಹೋದ ಮೇಲೆ ಮಕ್ಕಳು ಮೆಟ್ಟಿಲು, ಗೋಡೆ ಎಲ್ಲ ಹಾಳು ಮಾಡುತ್ತಿದ್ದವು. ಕಟ್ಟಡದವರಿಗೆ ತಲೆನೋವು. ಇವನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಬಂದವರು ಮರಿಯಾ ಮಾಂಟೆಸ್ಸೊರಿ ಎಂಬ ವೈದ್ಯೆ. ಅವರ ಹೆಸರಿನ ಬೋರ್ಡು ಇವತ್ತು ಯಾವ ಯಾವ ಗೇಟಿನ ಮೇಲೆ ನೇತಾಡುತ್ತಿದೆ, ಆ ಗೇಟಿನೊಳಗಿನ ಫೀಜು ಎಷ್ಟು ಅಂತ ನೋಡಿದರೆ ನಗು ಬರುತ್ತದೆ. ಬಡವರ ಮಕ್ಕಳಿಗಾಗಿ ಹುಟ್ಟಿದ್ದನ್ನು ಉಳ್ಳವರು ತಮ್ಮ ಮಕ್ಕಳಿಗೆ ಬೇಕು ಅಂತ ತಗೊಂಡುಹೋದರು. ಆಟ ಆಡೋಕೆ ಇಷ್ಟು ದುಡ್ಡು ಯಾಕೆ ಅಂತ ಅವರು ಕೇಳುವುದೇ ಇಲ್ಲ, ಅಲ್ವಾ?

ಈಗ ಆಟದ ವಿಷಯ. ಕೆಲವು ವರ್ಷಗಳ ಹಿಂದೆ ಒಂದು ವರದಿಗಾಗಿ ಒಂದು ಶಿಶುವಿಹಾರದಲ್ಲಿ ಬೆಳಗಿನಿಂದ ಮಧ್ಯಾಹ್ನದ ತನಕ ಕೂತಿದ್ದೆ. ಕುರ್ಚಿ ಎಷ್ಟು ಚಿಕ್ಕದು ಅಂದರೆ ನನ್ನ ಮೊಣಕಾಲು ಗಲ್ಲಕ್ಕೆ ಬಡಿಯುತ್ತಿತ್ತು. ಕಿಟಕಿ ಪಕ್ಕ ನಾಲ್ಕು ವರ್ಷದ ಒಬ್ಬಳು ಹುಡುಗಿ ನೀರಿನ ಬೋಗುಣಿ ಮುಂದೆ ಇಟ್ಟುಕೊಂಡು, ಒಂದು ಲೋಟದಿಂದ ಉದ್ದನೆಯ ಡಬ್ಬಿಗೆ ನೀರು ಸುರಿಯುತ್ತಿದ್ದಳು. ಒಬ್ಬ ಹುಡುಗ ಬಂದವನೇ ಲೋಟ ಕಿತ್ತುಕೊಂಡ. ಅವಳ ಕೈ ಮೇಲೆದ್ದಿತು, ಇನ್ನೇನು ಏಟು ಬೀಳಬೇಕು. ಟೀಚರ್ ಕೂಗಲಿಲ್ಲ. ಬಂದು ಮಂಡಿಯೂರಿ ಕೂತು, "ಅವನಿಗೆ ಬಾಯಲ್ಲಿ ಹೇಳು" ಅಂದರು. ಹುಡುಗಿ ಮುಖ ಕೆಂಪು ಮಾಡಿಕೊಂಡು ತುಂಬಾ ಹೊತ್ತು ನಿಂತಳು. ಕೊನೆಗೆ, "ನಂದು ಇನ್ನೂ ಮುಗಿದಿಲ್ಲ" ಅಂದಳು. "ಯಾವಾಗ ಮುಗಿಯುತ್ತೆ?" ಅಂತ ಅವನು. "ಹತ್ತು ಲೋಟ." ಅವನು ಲೋಟ ವಾಪಸ್ ಕೊಟ್ಟು, ಪಕ್ಕದಲ್ಲೇ ನಿಂತು ಎಣಿಸೋಕೆ ಶುರು ಮಾಡಿದ. ಒಂದು, ಎರಡು, ಮೂರು, ನಾಲ್ಕು, ಆರು. "ಐದು ಬಿಟ್ಟೆ!" ಅಂತ ಇವಳು ಗದರಿದಳು.

ಹೊರಗಿನಿಂದ ನೋಡಿದವರಿಗೆ ಇದು ನೀರಾಟ. ನನಗೂ ಮೊದಲು ಹಾಗೇ ಕಂಡಿತ್ತು. ಆದರೆ ಆ ಮೂರು ನಿಮಿಷದಲ್ಲಿ ಒಂದು ಮಗು ಹೊಡೆಯುವ ಕೈಯನ್ನು ತಡೆದು ಮಾತು ಹುಡುಕಿತು, ಇನ್ನೊಂದು ಮಗು ಬೇಕಾದ್ದು ಕಣ್ಣೆದುರೇ ಇದ್ದರೂ ಕಾಯಿತು, ಹತ್ತು ಅಂದರೆ ಎಷ್ಟು ಹೊತ್ತು ಅನ್ನುವುದು ಇಬ್ಬರಿಗೂ ಮೈಗೆ ಹತ್ತಿತು. ಒಂದನೇ ತರಗತಿಯ ಟೀಚರನ್ನು ಕೇಳಿ ನೋಡಿ. ಅಕ್ಷರ ಗೊತ್ತಿಲ್ಲದ ಮಗುವಿಗೆ ಅಕ್ಷರ ಕಲಿಸಬಹುದು; ಕಾಯೋಕೆ, ಕೇಳಿಸಿಕೊಳ್ಳೋಕೆ, "ನಂಗೆ ಅರ್ಥ ಆಗಲಿಲ್ಲ" ಅನ್ನೋಕೆ ಬರದ ಮಗುವಿಗೆ ಕಲಿಸುವುದೇ ಕಷ್ಟ ಅಂತ ಹೇಳುತ್ತಾರೆ.

ಇನ್ನು ಅಳಿಸಿಹೋಗುವ ಮಾತು. ನೀವು ಓದಿದ್ದು ಸುಳ್ಳಲ್ಲ, ಅದಕ್ಕೇ ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಎಲ್ಲರೂ ಉದಾಹರಣೆ ಕೊಡುವುದು ಪೆರಿ ಪ್ರಿಸ್ಕೂಲ್ ಯೋಜನೆಯನ್ನು. 1962ರಿಂದ 1967ರವರೆಗೆ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿ ಊರಲ್ಲಿ ನಡೆದದ್ದು. ಬಡ ಕಪ್ಪು ಕುಟುಂಬಗಳ 123 ಮಕ್ಕಳು. ಅವರಲ್ಲಿ 58 ಮಂದಿಗೆ ಶಿಶುವಿಹಾರ ಸಿಕ್ಕಿತು, ಉಳಿದ 65 ಮಂದಿಗೆ ಇಲ್ಲ. ದಿನಕ್ಕೆ ಎರಡೂವರೆ ಗಂಟೆ. ಮಗು ಮೊದಲು ಇವತ್ತು ಏನು ಮಾಡ್ತೀನಿ ಅಂತ ಹೇಳಬೇಕು, ಮಾಡಬೇಕು, ಆಮೇಲೆ ಏನಾಯಿತು ಅಂತ ಬಂದು ಹೇಳಬೇಕು. ವಾರಕ್ಕೊಮ್ಮೆ ಟೀಚರ್ ಮನೆಗೇ ಬಂದು ಅಮ್ಮನ ಜೊತೆ ಕೂರುತ್ತಿದ್ದರು. ಮೊದಲು ಈ ಮಕ್ಕಳ ಬುದ್ಧಿಮತ್ತೆಯ ಅಂಕ ಜಿಗಿಯಿತು. ಶಾಲೆಗೆ ಹೋಗಿ ಕೆಲವೇ ವರ್ಷಕ್ಕೆ ಎರಡೂ ಗುಂಪು ಸಮ ಆಯಿತು. ನೀವು ಹೇಳಿದ ಹಾಗೇ, ಅಳಿಸಿಹೋಯಿತು. ಅಲ್ಲಿಗೇ ಬಿಟ್ಟಿದ್ದರೆ ಇದೊಂದು ಸೋತ ಯೋಜನೆ ಅಂತ ಕಡತ ಸೇರುತ್ತಿತ್ತು.

ಬಿಡಲಿಲ್ಲ. ಆ ಮಕ್ಕಳಿಗೆ 40 ವರ್ಷ ಆಗುವ ತನಕ ಬೆನ್ನು ಹತ್ತಿದರು. ಶಿಶುವಿಹಾರಕ್ಕೆ ಹೋದವರಲ್ಲಿ ಹೈಸ್ಕೂಲು ಮುಗಿಸಿದವರು ನೂರಕ್ಕೆ 77, ಹೋಗದವರಲ್ಲಿ 60. ವರ್ಷಕ್ಕೆ 20 ಸಾವಿರ ಡಾಲರಿಗಿಂತ ಹೆಚ್ಚು ದುಡಿಯುತ್ತಿದ್ದವರು ನೂರಕ್ಕೆ 60, ಇತ್ತ 40. ಐದು ಅಥವಾ ಹೆಚ್ಚು ಸಲ ಪೊಲೀಸರ ಕೈಗೆ ಸಿಕ್ಕವರು 36, ಇತ್ತ 55. ಅಂಕ ಅಳಿಸಿತ್ತು, ಬೇರೇನೋ ಉಳಿದಿತ್ತು. ಆ ನೀರಿನ ಬೋಗುಣಿಯ ಹತ್ತಿರ ನಾನು ನೋಡಿದ್ದು ಆ ಬೇರೇನೋ ಅಂತ ನನ್ನ ಅನಿಸಿಕೆ.

ಇಷ್ಟಾದರೂ ಇದು ಒಂದು ಊರಿನ, 123 ಮಕ್ಕಳ ಕಥೆ. ಅದರ ಮೇಲೆ ಇಡೀ ಜಗತ್ತಿನ ಲೆಕ್ಕ ಕಟ್ಟುವವರನ್ನು ಕಂಡರೆ ನನಗೂ ಸ್ವಲ್ಪ ಭಯ. ಬಾಸ್ಟನ್‌ನಲ್ಲಿ 1997ರಿಂದ 2003ರವರೆಗೆ ಸರ್ಕಾರಿ ಶಿಶುವಿಹಾರಕ್ಕೆ ಅರ್ಜಿ ಹಾಕಿದ 4,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿದ ಅಧ್ಯಯನ ಇನ್ನೂ ಗಟ್ಟಿ. ಸೀಟು ಕಡಿಮೆ ಇದ್ದುದರಿಂದ ಲಾಟರಿ ಎತ್ತಿದ್ದರು, ಹಾಗಾಗಿ ಹೋಲಿಕೆಗೆ ಮೋಸ ಇಲ್ಲ. ಅಲ್ಲೂ ಅದೇ. ಶಾಲೆಯ ಪರೀಕ್ಷೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ, ಆದರೆ ಸಮಯಕ್ಕೆ ಸರಿಯಾಗಿ ಕಾಲೇಜು ಸೇರಿದವರು ನೂರಕ್ಕೆ 8ರಷ್ಟು ಹೆಚ್ಚು.

ಮತ್ತೆ ಟೆನ್ನೆಸಿ. ಇದನ್ನು ಮುಚ್ಚಿಟ್ಟರೆ ನಿಮಗೆ ದ್ರೋಹ ಮಾಡಿದ ಹಾಗೆ. ಅದೂ ಅಮೆರಿಕದ್ದೇ ರಾಜ್ಯ, ಅಲ್ಲೂ ಲಾಟರಿ, ಸುಮಾರು 3,000 ಬಡ ಮಕ್ಕಳು. ಶಿಶುವಿಹಾರ ಮುಗಿದಾಗ ಹೋದವರು ಮುಂದಿದ್ದರು, ಮೂರನೇ ತರಗತಿಗೆ ಬರುವಾಗ ಹಿಂದೆ ಬಿದ್ದಿದ್ದರು, ಆರನೇ ತರಗತಿಯಲ್ಲಿ ಇನ್ನೂ ಹಿಂದೆ, ಶಿಸ್ತಿನ ದೂರೂ ಅವರ ಮೇಲೇ ಜಾಸ್ತಿ. 2022ರಲ್ಲಿ ಇದು ಪ್ರಕಟವಾದಾಗ ನನ್ನಂಥವರೆಲ್ಲ ಕುರ್ಚಿಯಲ್ಲಿ ಅತ್ತಿತ್ತ ಹೊರಳಿದೆವು. ಕಾರಣದ ಬಗ್ಗೆ ಜಗಳ ಇನ್ನೂ ನಿಂತಿಲ್ಲ. ನನಗೆ ಅನ್ನಿಸುವುದು ಇಷ್ಟೇ, ಶಿಶುವಿಹಾರ ಅಂತ ಬೋರ್ಡು ಹಾಕಿದ ಮಾತ್ರಕ್ಕೆ ಯಾವ ಮಗುವಿಗೂ ಒಳ್ಳೆಯದಾಗುವುದಿಲ್ಲ. ಮೂರು ನಾಲ್ಕು ವರ್ಷದ ಮಕ್ಕಳನ್ನು ಸಾಲಾಗಿ ಕೂರಿಸಿ, ಬಾಯಿ ಮುಚ್ಚಿಸಿ, ಅಕ್ಷರ ತಿದ್ದಿಸುವುದಾದರೆ ನಿಮ್ಮ ಮಗ ಅಕ್ಕನ ಜೊತೆ ಮನೆಯಲ್ಲಿರುವುದೇ ವಾಸಿ.

ಹಾಗಾಗಿ ಕಳಿಸಿ ಅಂತ ಕಣ್ಣುಮುಚ್ಚಿ ಹೇಳುವುದಿಲ್ಲ. ಒಂದು ಬೆಳಗ್ಗೆ ಹೋಗಿ ಕೂತು ನೋಡಿ. ಕೂರೋಕೆ ಬಿಡದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಗೋಡೆಯ ಬಣ್ಣ, ಆಟದ ಸಾಮಾನು ನೋಡಬೇಡಿ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ ಬೆಳವಣಿಗೆ ಕುಂಠಿತವಾದ ಎಳೆ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಂದು ಗಂಟೆ ಹೋಗಿ, ಬಿಸಾಕಿದ ಡಬ್ಬಿ ಬಾಟಲಿಗಳಿಂದ ಮಾಡಿದ ಆಟಿಕೆಯಲ್ಲಿ ಅಮ್ಮ ಮಗು ಇಬ್ಬರನ್ನೂ ಆಡಿಸುತ್ತಿದ್ದರು. ಎರಡು ವರ್ಷ ನಡೆದ ಕೆಲಸ. 20 ವರ್ಷ ಬಿಟ್ಟು ನೋಡಿದರೆ ಆ ಮಕ್ಕಳ ದುಡಿಮೆ, ಈ ಭೇಟಿ ಸಿಗದಿದ್ದ ಅಂಥದೇ ಮಕ್ಕಳಿಗಿಂತ ಸುಮಾರು ನೂರಕ್ಕೆ 25ರಷ್ಟು ಹೆಚ್ಚಿತ್ತು. ಸಾಮಾನಿಗೆ ಅಷ್ಟೇ ಬೆಲೆ. ನೀವು ನೋಡಬೇಕಾದ್ದು ಟೀಚರ ಮಂಡಿಯನ್ನು. ಮಗುವಿನ ಎತ್ತರಕ್ಕೆ ಬಗ್ಗುತ್ತಾರಾ? ಮಗು ಏನಾದರೂ ಹೇಳಿದರೆ ತಿರುಗಿ ಪ್ರಶ್ನೆ ಕೇಳುತ್ತಾರಾ, ಇಲ್ಲ ನಮ್ಮ ಹಾಗೆ "ಹೂಂ" ಅಂತಾರಾ? ಒಬ್ಬರ ಮಡಿಲಿಗೆ ನಲವತ್ತು ಮಕ್ಕಳನ್ನು ಹಾಕಿದ್ದರೆ ಅವರೂ ಪಾಪ "ಹೂಂ" ಅನ್ನದೆ ಏನು ಮಾಡ್ತಾರೆ.

ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತೆ ಅಂತಲೂ ಕೇಳಿ. ಬೆಳಗಿನ ಜಾವ ಕೆಲಸಕ್ಕೆ ಹೊರಡುವ ಅಮ್ಮನಿಗೆ ಒಂಬತ್ತು ಗಂಟೆಗೆ ಬಾಗಿಲು ತೆರೆದರೆ ಏನು ಬಂತು? ಇಂಥ ಜಾಗಗಳ ವೇಳಾಪಟ್ಟಿ ಹಾಕುವವರು ಬಹುಶಃ ಯಾರೂ ನಸುಕಿನಲ್ಲಿ ಎದ್ದು ನೆಲ ಒರೆಸಿದವರಲ್ಲ. ಎರಡೂವರೆ ಗಂಟೆಯ ಶಿಶುವಿಹಾರ ಮಗುವಿಗೆ ಸಾಕಾಗಬಹುದು, ದುಡಿಯುವ ಅಮ್ಮನಿಗೆ ಸಾಲದು. ಇದನ್ನು ನನ್ನ ಹಿಂದಿನ ಬರಹದಲ್ಲೇ ಹೇಳಬೇಕಿತ್ತು.

ಇನ್ನೊಂದು ಮಾತನ್ನೂ ಆವತ್ತೇ ಹೇಳಬೇಕಿತ್ತು. ನಿಮ್ಮ ಪತ್ರದ ಕೊನೆಯಲ್ಲಿ, ಬೇರೇನೋ ಹೇಳುವಾಗ ನಡುವೆ ಬಂದ ಸಾಲು: "ನಾನು ಬರೋದು ಲೇಟಾದ ದಿನ ಮಗಳು ಶಾಲೆಗೆ ಹೋಗಲ್ಲ." ಮೊಜಾಂಬಿಕ್‌ನ ಹಳ್ಳಿಗಳಲ್ಲಿ ಶಿಶುವಿಹಾರ ತೆರೆದಾಗ ಸಂಶೋಧಕರು ಪುಟ್ಟ ಮಕ್ಕಳ ಜೊತೆಗೆ ಅವರ ಅಕ್ಕ ಅಣ್ಣಂದಿರನ್ನೂ ಲೆಕ್ಕಕ್ಕೆ ತಗೊಂಡಿದ್ದರು. 10ರಿಂದ 14 ವರ್ಷದ ಆ ದೊಡ್ಡ ಮಕ್ಕಳು ಶಾಲೆಗೆ ಹೋಗುವುದೂ ಹೆಚ್ಚಾಗಿತ್ತು. ತಮ್ಮ ತಂಗಿಯರನ್ನು ಕಾಯುವ ಕೆಲಸ ಅವರ ಹೆಗಲಿಂದ ಇಳಿದಿತ್ತು. ನಾನು ಎರಡು ಪುಟ ಬರೆದಿದ್ದೆ, ಆ ಹನ್ನೊಂದು ವರ್ಷದ ಹುಡುಗಿ ಅದರಲ್ಲಿ ಎಲ್ಲೂ ಇರಲಿಲ್ಲ. ನೀವು ಮಗನ ಬಗ್ಗೆ ಕೇಳಿದಿರಿ, ಸರಿ. ನೋಡೋಕೆ ಹೋಗುವ ದಿನ ಅವಳನ್ನೂ ಜೊತೆಗೆ ಕರ್ಕೊಂಡು ಹೋಗಿ. ಇಷ್ಟು ದಿನ ಅವನನ್ನು ಆಡಿಸಿದವಳು ಅವಳೇ ಅಲ್ವಾ, ಆ ಟೀಚರ್ ಹೇಗೆ ಅಂತ ನಿಮಗಿಂತ ಬೇಗ ಅವಳೇ ಹೇಳಿಯಾಳು.

— ಸಂಪಾದಕ