ಬೇಸ್ ಐದು, ಬಾರಿಸುವುದು ಒಂದೇ

ಈ ಸಲ ಬಂದ ಪತ್ರಗಳಲ್ಲಿ ಬೇಸ್ ಗಿಟಾರಿನವರದ್ದೇ ಜಾಸ್ತಿ. ಮಳೆಗಾಲ ಅಲ್ವಾ, ಕಾರ್ಯಕ್ರಮ ಕಡಿಮೆ. ಮನೆಯಲ್ಲಿ ಕೂತು ಕಪಾಟು ತೆರೆದವರಿಗೆ ಒಳಗೆ ಎಷ್ಟು ಉಂಟು ಅಂತ ಆಗ ಗೊತ್ತಾಗಿರಬೇಕು.

ಪ್ರಶ್ನೆ: ನನ್ನ ಹತ್ತಿರ ಐದು ಬೇಸ್ ಉಂಟು. ಫೆಂಡರ್ ಕಂಪನಿಯ ಪ್ರಿಸಿಶನ್ ಮಾದರಿಯದ್ದು ಒಂದು, ಅದೇ ಕಂಪನಿಯ ಜಾಝ್ ಬೇಸ್ ಮಾದರಿಯದ್ದು ಎರಡು, ಒಂದು ಐದು ತಂತಿಯ ಆ್ಯಕ್ಟಿವ್ (ಬ್ಯಾಟರಿ ಹಾಕುವಂಥದ್ದು), ಒಂದು ಫ್ರೆಟ್‌ಲೆಸ್ (ಕತ್ತಿನ ಮೇಲೆ ಫ್ರೆಟ್ ಎನ್ನುವ ಲೋಹದ ಅಡ್ಡಪಟ್ಟಿ ಇಲ್ಲದ್ದು). ಮದುವೆ ಬ್ಯಾಂಡಿಗೂ ಚರ್ಚಿನ ಕೊಯರಿಗೂ ಹಳೆಯ ಪ್ರಿಸಿಶನ್ ಒಂದನ್ನೇ ಹಿಡಿದುಕೊಂಡು ಹೋಗುತ್ತೇನೆ. ಉಳಿದವು ಬ್ಯಾಗಿನಲ್ಲೇ. ಮೊನ್ನೆ ಹೆಂಡತಿ "ಕೈ ಎರಡೇ ಅಲ್ವಾ?" ಅಂತ ಕೇಳಿದಳು. ವಾರಕ್ಕೊಂದರಂತೆ ಪಾಳಿ ಹಾಕಿ ಬಾರಿಸಬೇಕಾ ಸರ್? ಒಂದು ಬೇಸನ್ನು ಎಷ್ಟು ದಿನಕ್ಕೊಮ್ಮೆ ಬಾರಿಸಿದರೆ ಸಾಕು?
— ಹೆಸರು ಬೇಡ ಎಂದವರು, ಕಂಕನಾಡಿ

ಉತ್ತರ: ಪಾಳಿ ಹಾಕಬೇಡಿ. ಎರಡು ವಾರ ಸರಿಯಾಗಿ ನಡೆಯುತ್ತದೆ. ಮೂರನೇ ವಾರ ಒಂದು ರಿಸೆಪ್ಶನ್ ಬರುತ್ತದೆ, ಕೈ ತಾನಾಗಿ ಪ್ರಿಸಿಶನ್ ಕಡೆಗೇ ಹೋಗುತ್ತದೆ. ಹೋಗಲಿ ಬಿಡಿ, ಅದರಲ್ಲಿ ತಪ್ಪೇನಿಲ್ಲ. 1960ರ ದಶಕದಲ್ಲಿ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಎಷ್ಟೋ ಹಿಟ್ ಹಾಡುಗಳಿಗೆ ಬೇಸ್ ಬಾರಿಸಿದ ಜೇಮ್ಸ್ ಜೇಮರ್ಸನ್ ಮುಖ್ಯವಾಗಿ ನಂಬಿಕೊಂಡದ್ದು 1962ರ ಒಂದು ಫೆಂಡರ್ ಪ್ರಿಸಿಶನ್ ಬೇಸನ್ನು. ತಂತಿ ಬದಲಾಯಿಸುವುದಕ್ಕೂ ಅವರಿಗೆ ಮನಸ್ಸಿರಲಿಲ್ಲವಂತೆ. ಇನ್ನೊಂದು ಕಡೆ ಇಂಗ್ಲೆಂಡಿನ 'ದ ಹೂ' ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್‌ವಿಸ್ಲ್. ಅವರು ತೀರಿಕೊಂಡ ಮರುವರ್ಷ, 2003ರಲ್ಲಿ, ಅವರ ಗಿಟಾರುಗಳ ದೊಡ್ಡ ಸಂಗ್ರಹ ಲಂಡನ್ನಿನ ಸದಬೀಸ್‌ನಲ್ಲಿ ಹರಾಜಾಯಿತು. ಇಬ್ಬರೂ ಬೇಸಿನಲ್ಲಿ ದೊಡ್ಡ ಹೆಸರೇ. ಹಾಗಾಗಿ ಐದು ಇದ್ದರೆ ಜಾಸ್ತಿಯಾ, ಒಂದಿದ್ದರೆ ಕಡಿಮೆಯಾ ಅನ್ನುವುದನ್ನು ಬಿಟ್ಟುಬಿಡಿ.

ನಾನು ಕೇಳುವುದು ಬೇರೆ. ಪ್ರಿಸಿಶನ್ ಮಾಡದ ಯಾವ ಕೆಲಸವನ್ನು ಉಳಿದ ನಾಲ್ಕು ಮಾಡುತ್ತವೆ? ಸಮಯ ಹಂಚಲು ಹೋಗಬೇಡಿ, ಕೆಲಸ ಹಂಚಿ. ಕೆಲಸ ಇದ್ದ ಬೇಸ್ ತಾನಾಗಿ ಹೊರಗೆ ಬರುತ್ತದೆ.

ಮೊದಲು ಐದು ತಂತಿಯದ್ದು. ನಾಲ್ಕು ತಂತಿಯ ಬೇಸಿನಲ್ಲಿ ಅತಿ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಜ್, ಐದನೆಯ ಬಿ ತಂತಿ ಸುಮಾರು 31. ಸ್ಟೇಜಿನಲ್ಲಿ ಇದು ಯಾವಾಗ ಬೇಕಾಗುತ್ತದೆ ಅಂದರೆ, ಇ ಸ್ಕೇಲಿನಲ್ಲಿ ಪ್ರಾಕ್ಟೀಸ್ ಮಾಡಿದ ಹಾಡನ್ನು ಹಾಡುವವರು ಕೊನೆ ಗಳಿಗೆಯಲ್ಲಿ "ಇವತ್ತು ಗಂಟಲು ಸರಿ ಇಲ್ಲ, ಡಿಗೆ ಇಳಿಸಿ ಮಾರಾಯ್ರೆ" ಅಂದಾಗ. ನಾಲ್ಕು ತಂತಿಯಲ್ಲಿ ಕೆಳಗಿನ ಡಿ ಇಲ್ಲವೇ ಇಲ್ಲ. ಮೇಲಿನ ಡಿ ಬಾರಿಸಿದರೆ ಹಾಡಿನ ತಳವೇ ಹೋದ ಹಾಗೆ ಆಗುತ್ತದೆ. ಇ ತಂತಿಯನ್ನು ಡಿಗೆ ಸಡಿಲ ಮಾಡಬಹುದು, ಆದರೆ ಹಾಡು ಹಾಡಿಗೂ ತಿರುಗಿಸಿಕೊಂಡು ಕೂರಲು ಮದುವೆ ಹಾಲಿನಲ್ಲಿ ಪುರುಸೊತ್ತು ಎಲ್ಲಿ? ಮದುವೆ ಬ್ಯಾಂಡಿಗೆ ಐದು ತಂತಿಯದ್ದು, ಕೊಯರಿಗೆ ಪ್ರಿಸಿಶನ್. ಇಷ್ಟು ಮಾಡಿದರೆ ಎರಡಕ್ಕೂ ಕೆಲಸ ಸಿಕ್ಕಿತು.

ಇನ್ನು ಎರಡು ಜಾಝ್ ಬೇಸ್. ಎರಡಕ್ಕೂ ಒಂದೇ ತರದ ತಂತಿ ಹಾಕಿ, ಒಂದೇ ತರ ಸೆಟಪ್ ಮಾಡಿ ಇಟ್ಟಿದ್ದೀರಿ ಅಂತ ನನ್ನ ಅಂದಾಜು. ಹಾಗಿದ್ದರೆ ಅದರಲ್ಲಿ ಒಂದು ಯಾವತ್ತಿಗೂ ಮಲಗಿಯೇ ಇರುತ್ತದೆ. ಒಂದಕ್ಕೆ ರೌಂಡ್‌ವೌಂಡ್ (ಮೇಲೆ ದುಂಡು ತಂತಿ ಸುತ್ತಿದ್ದು) ಇರಲಿ, ಇನ್ನೊಂದಕ್ಕೆ ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ್ದು) ಹಾಕಿ ನೋಡಿ. ಫ್ಲಾಟ್ ತಂತಿ ಕೈಗೆ ನುಣುಪು, ಸದ್ದು ದುಂಡಗೆ, ಬೇಗ ಅಡಗುತ್ತದೆ. ಕೊಂಕಣಿ ಹಾಡುಗಾರ ವಿಲ್ಫಿ ರೆಬಿಂಬಸ್ ಕಾಲದ ನಿಧಾನ ಕೊಂಕಣಿ ಹಾಡುಗಳಿಗೆ ಅದರಷ್ಟು ಹೊಂದುವುದು ಬೇರೆ ಇಲ್ಲ, ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ. ರೌಂಡ್ ಹಾಕಿದ್ದು ಕೀಬೋರ್ಡ್ ಇರುವ ಆರ್ಕೆಸ್ಟ್ರಾಕ್ಕೆ. ನಮ್ಮ ಕಡೆ ಕೀಬೋರ್ಡಿನವರ ಎಡಗೈ ಸುಮ್ನೆ ಕೂರುವುದಿಲ್ಲ, ಬೇಸ್ ಇರುವ ಜಾಗವನ್ನೆಲ್ಲ ತುಂಬಿಸುತ್ತದೆ. ಆಗ ಜಾಝ್ ಬೇಸಿನ ಬ್ರಿಡ್ಜ್ (ತಂತಿಯ ಕೆಳತುದಿ ಕೂರುವ ಜಾಗ) ಹತ್ತಿರದ ಪಿಕಪ್ಪನ್ನು, ಅಂದರೆ ತಂತಿಯ ಸದ್ದು ಹಿಡಿಯುವ ಭಾಗವನ್ನು, ಸ್ವಲ್ಪ ಜಾಸ್ತಿ ಮಾಡಿದರೆ ಮಾತ್ರ ನಿಮ್ಮ ಸದ್ದು ನಿಮಗೇ ಕೇಳುತ್ತದೆ.

ಫ್ರೆಟ್‌ಲೆಸ್ಸನ್ನು ಬ್ಯಾಗಿನಿಂದ ತೆಗೆದು ಚಾವಡಿಯಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬ್ಯಾಗಿನ ಜಿಪ್ ತೆಗೆಯುವ ಉದಾಸೀನವೇ ಅರ್ಧ ಬೇಸುಗಳನ್ನು ಮೂಲೆಗೆ ಹಾಕುವುದು. ಕಣ್ಣೆದುರು ಇದ್ದರೆ ಚಾ ಆಗುವಷ್ಟರಲ್ಲಿ ಹತ್ತು ನಿಮಿಷ ಕೈಯಾಡಿಸುತ್ತೀರಿ. ಆಂಪ್ ಬೇಡ, ಕಿವಿ ಸಾಕು.

ಈಗ ಎಷ್ಟು ದಿನಕ್ಕೊಮ್ಮೆ ಅನ್ನುವ ಪ್ರಶ್ನೆ. ಒಣ ಊರಿನವರು ಆರು ತಿಂಗಳು ಮುಟ್ಟದೆ ಇಟ್ಟರೂ ನಡೆದೀತು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ನಾಲ್ಕು ತಿಂಗಳು ವಾರಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನಕ್ಕೊಮ್ಮೆ ಪ್ರತಿಯೊಂದನ್ನೂ ಹೊರಗೆ ತೆಗೆಯಿರಿ. ಹಾಡು ಬಾರಿಸಲೇಬೇಕು ಅಂತಿಲ್ಲ. ಟ್ಯೂನ್ ಮಾಡಿ, ಆಂಪಿಗೆ ಹಾಕಿ, ವಾಲ್ಯೂಮ್ ಟೋನ್ ನಾಬ್‌ಗಳನ್ನೆಲ್ಲ ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ. ತಿರುಗಿಸದಿದ್ದರೆ ಒಳಗೆ ಧೂಳು, ಕಿಲುಬು ಕೂತು ಕರಕರ ಸದ್ದು ಶುರುವಾಗುತ್ತದೆ, ಜ್ಯಾಕಿನದ್ದೂ ಅದೇ ಕತೆ. ಆಮೇಲೆ ಒಣ ಹತ್ತಿ ಬಟ್ಟೆಯಲ್ಲಿ ತಂತಿಗಳನ್ನು ಮೇಲೆ ಕೆಳಗೆ ಒರೆಸಿ, ಯಾಕೆಂದರೆ ತುಕ್ಕು ಮೊದಲು ಹಿಡಿಯುವುದು ಬೆವರು ತಾಗಿದ ಜಾಗಕ್ಕೆ. ಡಿಸೆಂಬರಿನಿಂದ ಮೇವರೆಗೆ ತಿಂಗಳಿಗೊಮ್ಮೆ ಹೀಗೆ ಮಾಡಿದರೂ ಸಾಕು.

ಆ್ಯಕ್ಟಿವ್ ಬೇಸಿನ ಕೇಬಲ್ ಬಾರಿಸಿ ಆದ ಕೂಡಲೇ ಕಿತ್ತಿಡಿ. ಹೆಚ್ಚಿನವುಗಳಲ್ಲಿ ಆ ಜ್ಯಾಕೇ ಸ್ವಿಚ್ಚು, ಕೇಬಲ್ ಒಳಗಿದ್ದಷ್ಟು ಹೊತ್ತು 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂತಾದರೆ ಬ್ಯಾಟರಿಯನ್ನೂ ತೆಗೆದಿಡಿ, ಸೋರಿದರೆ ಒಳಗಿನ ಸರ್ಕ್ಯೂಟ್ ಹಾಳು.

ಪಾಳಿ ಬೇಕೇ ಬೇಕು ಅಂದರೆ ನಮ್ಮೂರಿನ ಕ್ಯಾಲೆಂಡರೇ ಹಾಕಿಕೊಟ್ಟಿದೆ. ಈಸ್ಟರಿನ ಮೊದಲಿನ ತಪಸ್ಸು ಕಾಲದಲ್ಲಿ ಕ್ರಿಶ್ಚಿಯನ್ ಮದುವೆ ಇಲ್ಲ, ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ಹಿಂದೂಗಳ ಶುಭಕಾರ್ಯ ಇಲ್ಲ. ಮೇ ತಿಂಗಳಲ್ಲಿ, ಕ್ರಿಸ್ಮಸ್ ಕಳೆದು ಜನವರಿವರೆಗೆ, ನಿಮಗೆ ರೋಸ್ (ಮದುವೆಗೆ ಮುಂಚಿನ ಕ್ರಿಶ್ಚಿಯನ್ ಶಾಸ್ತ್ರ), ರಿಸೆಪ್ಶನ್ ಅಂತ ತಲೆ ಎತ್ತಲು ಬಿಡುವಿರುವುದಿಲ್ಲ. ಆಗ ಅಭ್ಯಾಸದ ಬೇಸೇ ಇರಲಿ. ಬಿಡುವಿನ ತಿಂಗಳುಗಳಲ್ಲಿ ಉಳಿದವು ಇಳಿಯಲಿ. ಒಂದು ಮದುವೆ ಸೀಸನ್, ಒಂದು ಮಳೆಗಾಲ ಎರಡೂ ಕಳೆದು ಸೆಪ್ಟೆಂಬರಿನ ತೆನೆ ಹಬ್ಬ ಮೊಂತಿ ಫೆಸ್ತ್ ಬಂದರೂ ಎರಡನೇ ಜಾಝ್ ಬೇಸಿಗೆ ಕೆಲಸ ಸಿಗಲಿಲ್ಲ ಅಂತಾದರೆ, ಕೊಯರಿನಲ್ಲಿ ಸಾಲದ ಗಿಟಾರಿನಲ್ಲಿ ಕಲಿಯುತ್ತಿರುವ ಹುಡುಗ ಒಬ್ಬ ಇದ್ದೇ ಇರುತ್ತಾನೆ, ಅವನಿಗೆ ಕಡಿಮೆಗೆ ಕೊಟ್ಟುಬಿಡಿ. ಪ್ರಿಸಿಶನ್ನನ್ನು ಮಾತ್ರ ಮಾರಬೇಡಿ. ಕೈಗೆ ಒಗ್ಗಿದ ನೆಕ್ (ಗಿಟಾರಿನ ಕತ್ತು) ಮತ್ತೆ ಸಿಗುವುದು ಕಷ್ಟ.

ಪ್ರಶ್ನೆ: ಸ್ಟೇಜಿನಲ್ಲಿ ತಂತಿ ಕಡಿದರೆ ಅಂತ ಎರಡನೇ ಬೇಸ್ ತೆಗೆದುಕೊಳ್ಳಬೇಕು ಎಂದಿದ್ದೇನೆ. ಅಗತ್ಯ ಉಂಟಾ?
— ಆರ್ಕೆಸ್ಟ್ರಾದವರು, ಉಡುಪಿ

ಉತ್ತರ: ಬೇಸಿನ ತಂತಿ ದಪ್ಪ, ಸ್ಟೇಜಿನಲ್ಲಿ ಕಡಿಯುವುದು ಬಹಳ ಅಪರೂಪ. ಕೈಕೊಡುವುದು ಕೇಬಲ್, ಬ್ಯಾಟರಿ, ಸಡಿಲವಾದ ಜ್ಯಾಕ್, ಇವೇ. ಒಳ್ಳೆಯ ಕೇಬಲ್ ಎರಡು, ಹೊಸ 9 ವೋಲ್ಟ್ ಬ್ಯಾಟರಿ ಒಂದು, ಸಣ್ಣ ಸ್ಕ್ರೂಡ್ರೈವರ್ ಒಂದು ಬ್ಯಾಗಿನಲ್ಲಿರಲಿ. ಅಷ್ಟಾಗಿಯೂ ಎರಡನೇ ಬೇಸ್ ಬೇಕು ಅನ್ನಿಸಿದರೆ ಅದು ಆಸೆ. ಆಸೆಗೆ ತೆಗೆದುಕೊಳ್ಳಿ, ಬೇಡ ಅನ್ನಲು ನಾನು ಯಾರು? ಆದರೆ ಇರುವಂಥದ್ದನ್ನೇ ಇನ್ನೊಂದು ತರಬೇಡಿ.

ಪ್ರಶ್ನೆ: ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಮೂರು ಬೇಸುಗಳನ್ನು ಮಳೆಗಾಲದಲ್ಲಿ ಝೀರೋ ಬಲ್ಬ್ ಹಾಕಿದ ಕಪಾಟಿನಲ್ಲಿ, ತಂತಿ ಪೂರ್ತಿ ಸಡಿಲ ಮಾಡಿ ಇಡುತ್ತೇನೆ. ಸರಿಯಾ?
— ಓದುಗರು, ಸುರತ್ಕಲ್

ಉತ್ತರ: ಬಲ್ಬಿನ ಉಪಾಯ ಒಳ್ಳೆಯದೇ, ಆದರೆ ಅದು ಒಳಗಿನ ತಂತಿ ಕಾದು ಉರಿಯುವ ಹಳೆಯ ತರದ ಬಲ್ಬ್ ಆಗಿದ್ದರೆ ಮಾತ್ರ. ಎಲ್‌ಇಡಿ ಝೀರೋ ಬಲ್ಬ್ ಬೆಳಕು ಕೊಡುತ್ತದೆ, ಬಿಸಿ ಆಗುವುದೇ ಇಲ್ಲ ಅನ್ನಬಹುದು, ಥಂಡಿ ಹಾಗೇ ಉಳಿಯುತ್ತದೆ. ಬಲ್ಬ್ ನೆಕ್ಕಿನ ಹತ್ತಿರ ಇರಬಾರದು, ಒಂದೇ ಕಡೆ ಬಿಸಿ ತಾಗಿದರೆ ಮರ ತಿರುಚಿಕೊಳ್ಳುತ್ತದೆ. ಸಿಲಿಕಾ ಜೆಲ್ ಇಟ್ಟರೆ ಆಗಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ, ಒಮ್ಮೆ ನೀರು ಕುಡಿದ ಜೆಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ತಂತಿ ಪೂರ್ತಿ ಸಡಿಲ ಮಾಡುವುದನ್ನು ನಿಲ್ಲಿಸಿ. ನಾಲ್ಕು ತಂತಿ ಸೇರಿ ನೆಕ್ಕನ್ನು ಸುಮಾರು 70-80 ಕೆ.ಜಿ.ಯಷ್ಟು ಬಲದಲ್ಲಿ ಎಳೆಯುತ್ತವೆ, ನೆಕ್ಕಿನ ಒಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ಅದಕ್ಕೆ ಎದುರಾಗಿ ಹಿಡಿದುಕೊಂಡಿರುತ್ತದೆ. ತಂತಿ ಬಿಟ್ಟರೆ ರಾಡ್ ಒಂದೇ ಎಳೆಯುತ್ತದೆ, ನೆಕ್ ಹಿಂದಕ್ಕೆ ಬಾಗುತ್ತದೆ. ಟ್ಯೂನಿನಲ್ಲೇ ಇಡಿ. ಮಳೆಗಾಲದಲ್ಲಿ ಮರ ನೀರಿನಂಶ ಎಳೆದುಕೊಂಡು ನೆಕ್ ಸ್ವಲ್ಪ ಆಚೀಚೆ ಆಗುವುದು ಸಹಜ, ತಂತಿ ಫ್ರೆಟ್ಟಿಗೆ ತಾಗಿ ಝರ್ ಅಂದ ಕೂಡಲೇ ರಾಡ್ ತಿರುಗಿಸಲು ಹೊರಡಬೇಡಿ. ಒಂದೆರಡು ವಾರ ನೋಡಿ, ಆಮೇಲೂ ಹಾಗೇ ಇದ್ದರೆ ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೇ ಬೇಡ. ಮಳೆಯಲ್ಲಿ ನೆನೆದ ಬ್ಯಾಗಿನೊಳಗೆ ರಾತ್ರಿ ಇಡುವುದಂತೂ ಬೇಡವೇ ಬೇಡ. ಬೂಷ್ಟು ಮೊದಲು ಹಿಡಿಯುವುದು ಚರ್ಮದ ಸ್ಟ್ರ್ಯಾಪಿಗೆ, ಅದನ್ನು ಬೇರೆ ಕಡೆ ನೇತುಹಾಕಿ.

ಪ್ರಶ್ನೆ: ಹಳೆ ತಂತಿ ನೀರಲ್ಲಿ ಕುದಿಸಿದರೆ ಹೊಸದಾಗುತ್ತದೆ ಅಂತಾರೆ, ನಿಜವಾ? ನಾಲ್ಕು ಬೇಸಿಗೆ ತಂತಿ ಹಾಕಿಸಿ ಹಾಕಿಸಿ ಸೋತೆ.
— ಓದುಗರು, ಕುಂದಾಪುರ

ಉತ್ತರ: ನಿಜ, ಆದರೆ ಸ್ವಲ್ಪ ದಿನಕ್ಕೆ. ಸುತ್ತಿದ ತಂತಿಯ ಸಂದಿಯಲ್ಲಿ ಕೂತ ಎಣ್ಣೆ, ಕೊಳೆ ಬಿಡುತ್ತದೆ, ಸದ್ದು ಹೊಳೆಯುತ್ತದೆ, ಆಮೇಲೆ ಮತ್ತೆ ಮಂಕು. ಕುದಿಸಿದರೆ ಕೂಡಲೇ ಚೆನ್ನಾಗಿ ಒಣಗಿಸಿ, ಇಲ್ಲದಿದ್ದರೆ ತುಕ್ಕು. ತುದಿಗೆ ಬಣ್ಣದ ನೂಲು ಸುತ್ತಿದ ತಂತಿಯನ್ನು ಕುದಿಸಬೇಡಿ. ಮನೆಯ ಸಾರಿನ ಪಾತ್ರೆಯನ್ನೂ ಮುಟ್ಟಬೇಡಿ, ಅದು ಬೇರೆ ವಿಷಯ. ಖರ್ಚು ಉಳಿಸಲು ನಾಲ್ಕರಲ್ಲಿ ಎರಡಕ್ಕೆ ಫ್ಲಾಟ್‌ವೌಂಡ್ ಹಾಕಿ. ಮೊದಲಿಗೆ ದುಬಾರಿ, ಆದರೆ ವರ್ಷಗಟ್ಟಲೆ ಬರುತ್ತದೆ.

ಪ್ರಶ್ನೆ: ನನ್ನ ಹತ್ತಿರ ಎರಡು ಬೇಸ್ ಉಂಟು, ಸಸ್ತಾದ್ದನ್ನು ಈಗ ಮುಟ್ಟುವುದೇ ಇಲ್ಲ. ಫ್ರೆಟ್ ಕಿತ್ತು ಫ್ರೆಟ್‌ಲೆಸ್ ಮಾಡಿದರೆ ಬಾರಿಸುತ್ತೇನೆ ಅನ್ನಿಸುತ್ತಿದೆ. ಮಾಡಲಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಣಿಪಾಲ

ಉತ್ತರ: ಮಾಡಿ. ಮುಟ್ಟದ ಬೇಸಿಗೆ ಇದಕ್ಕಿಂತ ಒಳ್ಳೆಯ ಗತಿ ಬೇರೆ ಇಲ್ಲ. ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಅವರ ಹೆಸರಾಂತ 1962ರ ಜಾಝ್ ಬೇಸ್ ಕೂಡ ಫ್ರೆಟ್ ಕಿತ್ತದ್ದೇ. ರೌಂಡ್‌ವೌಂಡ್ ತಂತಿ ಮರವನ್ನು ತಿನ್ನಬಾರದು ಅಂತ ಅವರು ಅದರ ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿದ್ದರು. ಮಲ್ಪೆ ನಿಮಗೆ ಹತ್ತಿರವೇ ಉಂಟಲ್ಲ. ತಮಾಷೆ ಬಿಡಿ, ಮೊದಲ ಸಲಕ್ಕೆ ಎಪಾಕ್ಸಿ ಬೇಡ, ಫ್ಲಾಟ್‌ವೌಂಡ್ ಹಾಕಿದರೆ ಮರ ಉಳಿಯುತ್ತದೆ.

ಪ್ರತಿ ಫ್ರೆಟ್ಟನ್ನು ಸೋಲ್ಡರಿಂಗ್ ಐರನ್ನಿನಿಂದ ಸ್ವಲ್ಪ ಬಿಸಿ ಮಾಡಿ, ತುದಿಯಿಂದ ನಿಧಾನಕ್ಕೆ ಎತ್ತುತ್ತಾ ಬನ್ನಿ. ಅವಸರ ಮಾಡಿದರೆ ಮರದ ಚಕ್ಕೆ ಎದ್ದು ಬರುತ್ತದೆ. ಖಾಲಿಯಾದ ಗೀರುಗಳಿಗೆ ತೆಳು ಮರದ ಪಟ್ಟಿ ಅಂಟಿಸಿ, ಉಜ್ಜಿ ಸಮ ಮಾಡಿ. ಫ್ರೆಟ್ ಹೋದ ಮೇಲೆ ತಂತಿ ಎತ್ತರದಲ್ಲಿ ಉಳಿಯುತ್ತದೆ, ನಟ್ (ತಂತಿಯ ಮೇಲ್ತುದಿ ಕೂರುವ ಪಟ್ಟಿ) ಮತ್ತು ಬ್ರಿಡ್ಜ್ ಎರಡನ್ನೂ ತಗ್ಗಿಸಬೇಕು. ಬಾರಿಸುವಾಗ ಬೆರಳನ್ನು ಗೀರಿನ ಹಿಂದೆ ಇಡುವ ಹಳೆ ಅಭ್ಯಾಸ ಬಿಡಿ, ಸರಿಯಾಗಿ ಗೀರಿನ ಮೇಲೆಯೇ ಇಡಿ, ಇಲ್ಲದಿದ್ದರೆ ಸ್ವರ ಇಳಿಯುತ್ತದೆ. ಕಾಲೇಜ್ ಫೆಸ್ಟಿನ ಗದ್ದಲದ ಸ್ಟೇಜಿಗೆ ಅದನ್ನು ಒಯ್ಯಬೇಡಿ. ನಿಮ್ಮ ಸದ್ದು ನಿಮಗೆ ಕೇಳದ ಕಡೆ ಫ್ರೆಟ್‌ಲೆಸ್ ಸ್ವರ ತಪ್ಪುವುದು ಖಂಡಿತ.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ. ನನ್ನ ಎರಡು ಬೇಸ್ ಮನೆಯಲ್ಲಿ ಸುಮ್ನೆ ಇವೆ, "ಪಪ್ಪಾ, ನಾನು ಕಲಿಯುತ್ತೇನೆ" ಅನ್ನುತ್ತಾಳೆ. ಆದರೆ ಮೊದಲ ಫ್ರೆಟ್ಟಿಗೆ ಅವಳ ಕೈ ಎಟಕುವುದೇ ಇಲ್ಲ.
— ಓದುಗರು, ಬಿಜೈ

ಉತ್ತರ: ನಿಮ್ಮವು 34 ಇಂಚಿನ ಸ್ಕೇಲಿನವು (ನಟ್ಟಿನಿಂದ ಬ್ರಿಡ್ಜಿನವರೆಗೆ ತಂತಿಯ ಉದ್ದ) ಇರಬೇಕು, ಫೆಂಡರ್ 1951ರಲ್ಲಿ ಪ್ರಿಸಿಶನ್ ತಂದಾಗಿನಿಂದ ಹೆಚ್ಚಿನವರದ್ದು ಅದೇ ಅಳತೆ. ಮಕ್ಕಳಿಗೆ 30 ಇಂಚಿನ ಶಾರ್ಟ್ ಸ್ಕೇಲ್ ಹೊಂದುತ್ತದೆ. ಅದು ಮಕ್ಕಳ ಆಟಿಕೆ ಅಂತ ತಿಳಿಯಬೇಡಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಪಿಟೀಲಿನ ಆಕಾರದ ಹಾಫ್ನರ್ ಕೂಡ ಶಾರ್ಟ್ ಸ್ಕೇಲಿನದ್ದೇ. ಎರಡರಲ್ಲಿ ಒಂದನ್ನು ಕೊಟ್ಟು, ಬಂದ ಹಣಕ್ಕೆ ಸೆಕೆಂಡ್ ಹ್ಯಾಂಡ್ ಶಾರ್ಟ್ ಸ್ಕೇಲ್ ಹುಡುಕಿ. ಅದು ಸಿಗುವವರೆಗೆ ನಿಮ್ಮ ಬೇಸಿಗೇ ಐದನೇ ಫ್ರೆಟ್ಟಿನಲ್ಲಿ ಕ್ಯಾಪೊ (ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಕೊಡಿ, ಬೆರಳು ಎಟಕುತ್ತದೆ. ಸ್ವರದ ಹೆಸರು ಬದಲಾಗುತ್ತದೆ, ಅಷ್ಟೇ. ತಂತಿ ತರಿಸುವಾಗ ಮಾತ್ರ ಶಾರ್ಟ್ ಸ್ಕೇಲಿನ ತಂತಿಯೇ ಅಂತ ಹೇಳಿ ತರಿಸಿ. ಉದ್ದ ತಂತಿ ತಂದರೆ ದಪ್ಪ ಭಾಗ ಟ್ಯೂನಿಂಗ್ ಕೀಲಿಗೇ ಬಂದು ಸುತ್ತುತ್ತದೆ, ಕತ್ತರಿಸಿದರೆ ಮೇಲಿನ ಸುತ್ತು ಬಿಚ್ಚಿಕೊಳ್ಳುತ್ತದೆ, ಕೊಟ್ಟ ಹಣವೂ ಹೋಯಿತು.