ನಿಮ್ಮ ಪ್ರಶ್ನೆ, ಚರಿತ್ರೆಯ ಉತ್ತರ: ಮಂಗಳೂರಿನ ಮುತ್ತಿಗೆ

ಪ್ರಶ್ನೆ: ನೀವು ಯುದ್ಧ ಮತ್ತು ರಾಯಭಾರದ ಚರಿತ್ರೆಯನ್ನೇ ಬರೆಯುವವರು. 1784ರ ಮಂಗಳೂರು ಒಪ್ಪಂದದಲ್ಲಿ ಗೆದ್ದವರು ಯಾರು? ಟಿಪ್ಪುವೋ, ಇಂಗ್ಲಿಷರೋ? (ಓದುಗರು, ಪುತ್ತೂರು)

ನನ್ನನ್ನು ಕೇಳಿದರೆ ಟಿಪ್ಪುವಿನ ಕೈಯೇ ಮೇಲಾಯಿತು. ಎರಡನೇ ಮೈಸೂರು ಯುದ್ಧವನ್ನು ಮುಗಿಸಿದ, ಮಾರ್ಚ್ 11ರಂದು ಆದ ಈ ಒಪ್ಪಂದದಲ್ಲಿ ಹಿಡಿದ ಊರುಗಳನ್ನು ಎರಡೂ ಕಡೆಯವರು ವಾಪಸ್ ಕೊಡಬೇಕು, ಸೆರೆಯಾಳುಗಳನ್ನು ಬಿಡಬೇಕು ಎಂದಿತ್ತು. ಓದುವಾಗ ಸಮಸಮ ಅನ್ನಿಸುತ್ತದೆ. ಆದರೆ ಮದ್ರಾಸಿನ ಗವರ್ನರ್ ಮೆಕಾರ್ಟ್ನಿ ಕಳಿಸಿದ ಮೂವರು ಪ್ರತಿನಿಧಿಗಳು ಘಟ್ಟ ಇಳಿದು ಟಿಪ್ಪುವಿನ ಬೀಡಿಗೇ ಬರಬೇಕಾಯಿತು. ಯಾರು ಯಾರ ಬಾಗಿಲಿಗೆ ಹೋದರು ಅನ್ನೋದು ಆ ಕಾಲದಲ್ಲಿ ಸಣ್ಣ ವಿಷಯವಲ್ಲ. ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಈ ಒಪ್ಪಂದ ಹಿಡಿಸಲೇ ಇಲ್ಲ.

ಪ್ರಶ್ನೆ: ಮುತ್ತಿಗೆಯಲ್ಲಿ ಕೋಟೆಯೊಳಗಿದ್ದವರ ಗತಿ ಏನಾಯಿತು? (ಓದುಗರು, ಮಂಗಳೂರು)

ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು. ಮೊದಲೇ ಹೇಳಿಬಿಡುತ್ತೇನೆ, ಬೋಳೂರಿನಲ್ಲಿರುವ ಕಾವಲುಗೋಪುರ ಸುಲ್ತಾನ್ ಬತ್ತೇರಿ ಬೇರೆ, ಮುತ್ತಿಗೆಗೆ ಸಿಕ್ಕ ಕೋಟೆ ಬೇರೆ.

ಮುತ್ತಿಗೆ ಶುರುವಾದದ್ದು 1783ರ ಮೇನಲ್ಲಿ. ಒಳಗೆ ಇಂಗ್ಲಿಷರ ಕರ್ನಲ್ ಕ್ಯಾಂಬೆಲ್, ಹೊರಗೆ ಟಿಪ್ಪು, ಅವನ ಜೊತೆ ಫ್ರೆಂಚರು. ವಿಚಿತ್ರ ನೋಡಿ. ಬ್ರಿಟನ್ ಮತ್ತು ಫ್ರಾನ್ಸ್ ಜನವರಿ 20ಕ್ಕೇ ವರ್ಸೇಲ್ಸ್‌ನಲ್ಲಿ ಶಾಂತಿಗೆ ಸಹಿ ಹಾಕಿಯಾಗಿತ್ತು. ಸುದ್ದಿ ಇನ್ನೂ ಹಡಗಿನಲ್ಲಿತ್ತು. ಜೂನ್ 20ರಂದು ತಮಿಳುನಾಡಿನ ಕಡಲೂರಿನ ಹತ್ತಿರ ಸಮುದ್ರದಲ್ಲಿ ಇಬ್ಬರ ನೌಕಾಪಡೆಗಳೂ ಗುಂಡು ಹಾರಿಸಿಕೊಂಡವು. ಆಗಲೇ ಮುಗಿದಿದ್ದ ಜಗಳಕ್ಕೆ ಜನ ಸತ್ತರು! ಸುದ್ದಿ ಬಂದದ್ದು ಆ ತಿಂಗಳ ಕೊನೆಗೆ. ಅದು ಮಂಗಳೂರಿಗೆ ಮುಟ್ಟಿದ ಮೇಲೆ ಫ್ರೆಂಚರು ಟಿಪ್ಪುವಿನ ಕೈಬಿಟ್ಟರು.

ಆಗಸ್ಟ್ 2ರಂದು ಕದನವಿರಾಮವಾಯಿತು. ಕೋಟೆಯವರು ಕೊಂಡು ತಿನ್ನಲಿ ಎಂದು ಹೊರಗೊಂದು ಬಜಾರ್ ಇಡಬೇಕು ಅನ್ನೋದೂ ಅದರ ಷರತ್ತು. ಅಲ್ಲಿ ರೇಟು ಏರಿಸಿದರು, ಆಮೇಲೆ ಸಾಮಾನೇ ಬರದ ಹಾಗೆ ಮಾಡಿದರು ಎಂದು ಇಂಗ್ಲಿಷರು ದೂರಿದರು. ಫಿರಂಗಿಗಿಂತ ಜಾಸ್ತಿ ಜನರನ್ನು ಕೆಡವಿದ್ದು ಹಸಿವು, ಕಾಯಿಲೆ. 1784ರ ಜನವರಿ 30ಕ್ಕೆ ಕ್ಯಾಂಬೆಲ್ ಕೋಟೆ ಬಿಟ್ಟುಕೊಟ್ಟ. ಮಾರ್ಚ್‌ನಲ್ಲಿ ಅವನೂ ಮುಂಬಯಿಯಲ್ಲಿ ತೀರಿಕೊಂಡ. ಅವನ ಹೆಸರು ಎಲ್ಲ ಕಡೆ ಸಿಗುತ್ತದೆ. ಒಳಗಿದ್ದವರಲ್ಲಿ ಜಾಸ್ತಿ ಜನ ನಮ್ಮ ದೇಶದ ಸಿಪಾಯಿಗಳು. ಅವರ ಹೆಸರು ಹುಡುಕುವುದು ಎಷ್ಟು ಕಷ್ಟ ಅನ್ನೋದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಪ್ರಶ್ನೆ: ನಾನು ಬಿ.ಎ. ವಿದ್ಯಾರ್ಥಿನಿ. ಯುದ್ಧದ ಚರಿತ್ರೆ ಬರೆಯುವ ಆಸೆ. ಎಲ್ಲಿಂದ ಶುರು ಮಾಡಲಿ ಸರ್? (ಓದುಗರು, ಹಾಸನ)

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಮಗಳೇ. ಪ್ರತಿ ಪತ್ರಕ್ಕೂ ಎರಡು ತಾರೀಖು ಹಾಕಿ: ಬರೆದದ್ದು ಯಾವಾಗ, ತಲುಪಿದ್ದು ಯಾವಾಗ. ಆ ದಿನ ಆ ಮನುಷ್ಯನಿಗೆ ಎಷ್ಟು ಗೊತ್ತಿತ್ತೋ ಅಷ್ಟರಲ್ಲೇ ಅವನ ತೀರ್ಮಾನವನ್ನು ತೂಗಿ. ಮಳೆಗಾಲವನ್ನೂ ಗುರುತು ಮಾಡಿಕೊಳ್ಳಿ. ಕರಾವಳಿಯ ಜೂನ್ ತಿಂಗಳಲ್ಲಿ ಕಂದಕ ತೋಡಿದವರ ಪಾಡು ಹಾಸನದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಮೊದಲ ಸಲಕ್ಕೆ ದೊಡ್ಡ ಯುದ್ಧ ಬೇಡ. ಒಬ್ಬ ರಾಯಭಾರಿಯ ಬೆನ್ನು ಹಿಡಿಯಿರಿ. ಟಿಪ್ಪುವಿನ ಬೀಡಿಗೆ ಬಂದ ಮೂವರಲ್ಲಿ ಜಾರ್ಜ್ ಸ್ಟಾಂಟನ್ ಒಬ್ಬ. 1793ರಲ್ಲಿ ಇದೇ ಮೆಕಾರ್ಟ್ನಿ ಜೊತೆ ಅವನು ಚೀನಾದ ಚಕ್ರವರ್ತಿಯ ದರ್ಬಾರಿಗೂ ಹೋದ. ಆ ಎರಡು ಭೇಟಿಗಳನ್ನು ಅಕ್ಕಪಕ್ಕ ಇಟ್ಟು ನಾಲ್ಕು ಪುಟ ಬರೆಯಿರಿ. ನನಗೆ ಕಳಿಸಿ, ಓದುತ್ತೇನೆ.