ಲಿಲ್ಲಿಯನ್ನು ಸಂಕೇತ ಮಾಡುವ ಮುಂಚೆ

ನಮಸ್ಕಾರ.

‘ಡಿ. ಎಚ್. ಲಾರೆನ್ಸ್ ಕಾದಂಬರಿಗಳಲ್ಲಿ ಪ್ರಕೃತಿ’ ಎಂದು ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೊಕ್ಕವಾಗಿದೆ. ಕಾದಂಬರಿಯನ್ನು ನಿಜವಾಗಿ ಓದಿ ಬರೆದಿದ್ದೀರಿ, ಈಗಿನ ಕಾಲಕ್ಕೆ ಅದೇ ದೊಡ್ಡದು. ಇನ್ನು ಜಗಳಕ್ಕೆ ಬರುತ್ತೇನೆ.

ನಿಮ್ಮ ಮೊದಲ ಸಾಲು: “ಲಾರೆನ್ಸ್‌ಗೆ ಪ್ರಕೃತಿ ಬರೀ ಹಿನ್ನೆಲೆಯಲ್ಲ, ಅದೇ ಒಂದು ಪಾತ್ರ.” ನಾನು ಕರಡು ತಿದ್ದುತ್ತಾ ಕೆಲಸ ಕಲಿತ ಪತ್ರಿಕೆಯಲ್ಲಿ ಹಿರಿಯರೊಬ್ಬರಿದ್ದರು. ಸಾಲಿನಲ್ಲಿರುವ ಲೇಖಕನ ಹೆಸರು ತೆಗೆದು ಬೇರೆ ಹೆಸರು ಹಾಕಿ ಜೋರಾಗಿ ಓದುವುದು ಅವರ ಅಭ್ಯಾಸ. ಆಗಲೂ ಸಾಲು ಸರಿಯಾಗಿಯೇ ಕೇಳಿದರೆ ಕೆಂಪು ಗೀಟು. ಮಧ್ಯಾಹ್ನದ ಹೊತ್ತಿಗೆ ನನ್ನ ಪುಟವೆಲ್ಲ ಕೆಂಪಾಗಿರುತ್ತಿತ್ತು. ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಅವರು ಎಲೆಗೆ ಸುಣ್ಣ ಸವರುತ್ತಾ ಮುಂದಿನ ಪುಟಕ್ಕೆ ಕೈ ಚಾಚುತ್ತಿದ್ದರು. ನಿಮ್ಮ ಸಾಲಿನಲ್ಲಿ ಹಾರ್ಡಿ ಅಂತ ಹಾಕಿ ನೋಡಿ. ಕುವೆಂಪು ಅಂತ ಹಾಕಿ. ಏನೂ ಕೆಡುವುದಿಲ್ಲ, ಅಲ್ವಾ?

ಅದನ್ನಾದರೂ ಸಹಿಸಬಹುದು. ನನಗೆ ನಿಜವಾಗಿ ಸಿಟ್ಟು ತರಿಸಿದ್ದು ಎರಡನೇ ಪುಟದ ಸಾಲು: “ಬೆಳದಿಂಗಳ ಬಿಳಿ ಲಿಲ್ಲಿ ಶ್ರೀಮತಿ ಮೊರೆಲ್‌ಳ ಪರಿಶುದ್ಧತೆಯ ಸಂಕೇತ.”

ಆ ಲಿಲ್ಲಿ ಬರುವ, 1913ರ ‘ಸನ್ಸ್ ಅಂಡ್ ಲವರ್ಸ್’ ಕಾದಂಬರಿಯ ಮೊದಲ ಅಧ್ಯಾಯ ಮತ್ತೆ ತೆಗೆಯಿರಿ. ಕಲ್ಲಿದ್ದಲು ಗಣಿ ಕೆಲಸದ ಗಂಡ ಕುಡಿದು ಬಂದು, ಜಗಳವಾಡಿ, ಬಸುರಿ ಹೆಂಡತಿ ಶ್ರೀಮತಿ ಮೊರೆಲ್‌ಳನ್ನು ಹೊರಗೆ ನೂಕಿ ಅಗುಳಿ ಹಾಕುತ್ತಾನೆ. ಹೊರಗೆ ಕಣ್ಣು ಕುಕ್ಕುವ ಬೆಳದಿಂಗಳು. ಅವಳು ನಡುಗುತ್ತಾ ತೋಟದಲ್ಲಿ ಅತ್ತಿತ್ತ ಓಡಾಡುತ್ತಾಳೆ. ಲಿಲ್ಲಿ ಹೂವಿನ ಒಳಗೆ ಕೈ ಹಾಕುತ್ತಾಳೆ. ಬೆರಳಿಗೆ ಅಂಟಿದ ಹಳದಿ ಪರಾಗ ಆ ಬೆಳಕಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬಗ್ಗಿ ವಾಸನೆ ಎಳೆದುಕೊಂಡರೆ ತಲೆ ಸುತ್ತಿದ ಹಾಗಾಗುತ್ತದೆ. ಕೊನೆಗೂ ಒಳಗೆ ಬಂದ ಮೇಲೆ ಏನು ಮಾಡುತ್ತಾಳೆ? ಅದೇ ಗಂಡ ಬೆಳಿಗ್ಗೆ ಗಣಿಗೆ ಒಯ್ಯುವ ಬಾಟಲಿ ತೊಳೆಯುತ್ತಾಳೆ. ಅವನ ಬಟ್ಟೆಯನ್ನು ಒಲೆಯ ಹತ್ತಿರ ಬೆಚ್ಚಗಿಡುತ್ತಾಳೆ. ಎರಡು ಸೇಬು ತೆಗೆದಿಡುತ್ತಾಳೆ. ಆಮೇಲೆ ಕನ್ನಡಿ ಮುಂದೆ ನಿಂತಾಗ, ಮುಖದ ತುಂಬ ಲಿಲ್ಲಿಯ ಹಳದಿ ಧೂಳು! ನೋಡಿ ಸಣ್ಣಗೆ ನಗುತ್ತಾಳೆ.

ಆ ಧೂಳು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಬಾಟಲಿಯೂ ಇಲ್ಲ. ಪರಿಶುದ್ಧತೆ ಅಂದುಬಿಟ್ಟರೆ ಮುಖಕ್ಕೆ ಮೆತ್ತಿಕೊಂಡ ಹಳದಿಯನ್ನು ಏನು ಮಾಡುತ್ತೀರಿ? ಹಾಗೆ ನೋಡಿದರೆ ನಿಮ್ಮ ಇಡೀ ಲೇಖನದಲ್ಲಿ ‘ಕಲ್ಲಿದ್ದಲು’ ಎಂಬ ಮಾತೇ ಬಂದಿಲ್ಲ. ಲಾರೆನ್ಸ್ ಹುಟ್ಟಿದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್‌ನ ಈಸ್ಟ್‌ವುಡ್‌ನಲ್ಲಿ, ಗಣಿ ಕಾರ್ಮಿಕನ ಮನೆಯಲ್ಲಿ. ಅಲ್ಲಿ ಹುಲ್ಲುಗಾವಲಿನ ಪಕ್ಕದಲ್ಲೇ ಗಣಿ. ಗಣಿಯನ್ನು ಬಿಟ್ಟು ಹೂವನ್ನಷ್ಟೇ ಆರಿಸಿಕೊಂಡರೆ ಅದು ಲಾರೆನ್ಸ್ ಪ್ರಕೃತಿಯಲ್ಲ, ಕ್ಯಾಲೆಂಡರ್ ಚಿತ್ರ.

ಇನ್ನೊಂದು. ಅದೇ ಕಾದಂಬರಿಯಲ್ಲಿ ಮಿರಿಯಂ ಎಂಬ ಹುಡುಗಿ ಮಂಡಿಯೂರಿ ಡ್ಯಾಫೊಡಿಲ್ ಹೂವನ್ನು ಕೆನ್ನೆಗೆ, ಹಣೆಗೆ ಒತ್ತಿಕೊಳ್ಳುವುದನ್ನು “ಪ್ರಕೃತಿಪ್ರೇಮದ ಪರಾಕಾಷ್ಠೆ” ಅಂದಿದ್ದೀರಿ. ಪಕ್ಕದಲ್ಲೇ ಇರುವ ಪಾಲ್, ಶ್ರೀಮತಿ ಮೊರೆಲ್‌ಳ ಮಗ, ರೇಗುವುದು ನಿಮಗೆ ಕೇಳಿಸಲಿಲ್ಲವೇ? ಯಾವುದನ್ನಾದರೂ ಹಿಡಿದು ಹಿಂಡದೆ ಸುಮ್ನೆ ಇಷ್ಟಪಡಲು ನಿನಗೆ ಬರುವುದೇ ಇಲ್ಲವಾ ಅಂತ ಬೈಯುತ್ತಾನೆ. ಅವನು ಹೇಳಿದ್ದೇ ಸರಿ ಅನ್ನುತ್ತಿಲ್ಲ, ಅವನ ಮಾತಿನಲ್ಲಿ ಕ್ರೌರ್ಯ ಜಾಸ್ತಿ. ಆದರೆ ಆ ಜಗಳವನ್ನು ಬಿಟ್ಟು ಹೂವನ್ನು ಮಾತ್ರ ಎತ್ತಿಕೊಂಡಿದ್ದೀರಿ. ಮುಂದಿನ ಪ್ಯಾರಾದಲ್ಲಿ ‘ಮನಮೋಹಕ’, ‘ರಮಣೀಯ’, ‘ಅನುಪಮ’ ಅಂತ ನೀವೂ ಹೂವನ್ನು ಕೆನ್ನೆಗೆ ಒತ್ತಿಕೊಂಡಿದ್ದೀರಿ.

ಉಳಿದ ಕಾದಂಬರಿಗಳ ಬಗ್ಗೆ ನೀವು ಬರೆದಿದ್ದನ್ನು ನಾನು ಮುಟ್ಟಿಲ್ಲ. ಅವೆಲ್ಲ ಬೇಡ. ಈ ಎರಡು ಪ್ರಸಂಗ ಇಟ್ಟುಕೊಂಡು ಹೊಸದಾಗಿ ಬರೆಯಿರಿ, ಮೂರು ಪುಟ ಸಾಕು. ‘ಸಂಕೇತ’ ಎಂಬ ಮಾತು ಬಂದರೆ ನಾನೇ ಹೊಡೆದುಹಾಕುತ್ತೇನೆ. ಮುಂದಿನ ಸಂಚಿಕೆ ಹೇಗೂ ತುಂಬಿದೆ, ಅದರಾಚೆಯದಕ್ಕೆ ಜಾಗ ಇಟ್ಟಿರುತ್ತೇನೆ.